ಸೀರೆಗೆ ಎರಡು ಸ್ಟಾರ್, ಇನ್‌ಸ್ಟಾಗ್ರಾಂ ಪೇಜಿಗೆ ಸೊನ್ನೆ

ಅಮ್ಮನಿಗೆ ಅಂತ ಒಂದು ಇನ್‌ಸ್ಟಾಗ್ರಾಂ ಪೇಜಿನಿಂದ ಇಳಕಲ್ ಸೀರೆ ತರಿಸಿದೆ. ಹೆಸರು ಬೇಡ ಬಿಡಿ. ಫೋಟೋ ಕೆಳಗೆ ಎಲ್ಲೂ ಬೆಲೆ ಇರಲಿಲ್ಲ, ಕೇಳಿದವರಿಗೆಲ್ಲ ಒಂದೇ ಉತ್ತರ, 'ಡಿಎಂ ಮಾಡಿ', ಅಂದರೆ ಖಾಸಗಿಯಾಗಿ ಮೆಸೇಜ್ ಮಾಡಿ ಅಂತ. ಬೆಲೆ ಏನು ಗುಟ್ಟಾ? 2020ರ ಇ-ಕಾಮರ್ಸ್ ಗ್ರಾಹಕ ನಿಯಮಗಳಲ್ಲಿ ಒಟ್ಟು ಬೆಲೆ ತೋರಿಸಬೇಕು ಅಂತಲೇ ಇದೆ.

ಸೀರೆ ಬಂತು. ಬಣ್ಣ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದರೆ ಅವರು ಕೈಮಗ್ಗದ್ದು ಅಂತ ಬರೆದಿದ್ದರು, ಕೈಮಗ್ಗದ ಇಳಕಲ್ ಸೀರೆಯಲ್ಲಿ ಮೈಯ ಹಾಸು ನೂಲಿಗೂ (ಉದ್ದಕ್ಕೆ ಹೋಗುವ ನೂಲು) ಸೆರಗಿನ ಹಾಸು ನೂಲಿಗೂ ಕೊಂಡಿ ಹಾಕಿ ಸೇರಿಸಿರುತ್ತಾರೆ, ಇದರಲ್ಲಿ ಎಷ್ಟು ಹುಡುಕಿದರೂ ಆ ಕೊಂಡಿ ಸಿಗಲಿಲ್ಲ. ಅಮ್ಮ ಸೆರಗು ತಿರುಗಿಸಿ ನೋಡಿ ಒಂದೇ ಮಾತು ಹೇಳಿದರು, 'ಇದು ಪವರ್‌ಲೂಮ್'.

ಪೋಸ್ಟಿನ ಕೆಳಗೆ ಮರ್ಯಾದೆಯಾಗಿಯೇ ಕೇಳಿದೆ. ಹತ್ತು ನಿಮಿಷದಲ್ಲಿ ಕಾಮೆಂಟ್ ಮಾಯ. ಮತ್ತೆ ಹಾಕಿದೆ, ಈ ಸಲ ನನ್ನನ್ನೇ ಬ್ಲಾಕ್ ಮಾಡಿದರು! ಗೆಳತಿಯ ಫೋನಲ್ಲಿ ನೋಡಿದರೆ ಅಲ್ಲಿ ಉಳಿದಿದ್ದು ಬರೀ ಹೃದಯದ ಇಮೋಜಿಗಳು, 'ಸೂಪರ್ ಮೇಡಂ'ಗಳು. ತಪ್ಪಾಗುತ್ತೆ, ಅದು ದೊಡ್ಡ ವಿಷಯ ಅಲ್ಲ. 'ನೋಡ್ತೀವಿ, ವಾಪಸ್ ಕಳಿಸಿ' ಅಂತ ಅಲ್ಲೇ ಎಲ್ಲರ ಎದುರು ಒಂದು ಸಾಲು ಬರೆದಿದ್ದರೆ ನಾನೇ ಇನ್ನೊಂದು ಸೀರೆ ತಗೋತಿದ್ದೆ, ಅದನ್ನು ಓದಿದ ಇನ್ನೂ ನಾಲ್ಕು ಜನಕ್ಕೆ ಧೈರ್ಯ ಬರ್ತಿತ್ತು, ಅಲ್ವಾ? ಅದೇ ನಿಯಮಗಳ ಪ್ರಕಾರ ದೂರು ತಲುಪಿದೆ ಅಂತ 48 ಗಂಟೆಯೊಳಗೆ ಹೇಳಬೇಕು. ಇವರು ಬ್ಲಾಕ್ ಮಾಡೋದರಲ್ಲಿ ಮಾತ್ರ ಫಾಸ್ಟ್.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಸೀರೆ ಸದ್ಯಕ್ಕೆ ಬೀರುವಿನಲ್ಲಿದೆ, ಫಾಲ್ ಕೂಡ ಹಚ್ಚಿಸಿಲ್ಲ.