ಎಸ್.ಪಿ. ರಸ್ತೆಯಲ್ಲಿ ಹಳೆಯ ಪ್ಲೇಸ್ಟೇಷನ್ 2ರ ಲೆನ್ಸ್ ಹೊಂದಾಣಿಕೆ

ಸೋನಿಯ ವಿಡಿಯೋ ಗೇಮ್ ಯಂತ್ರವಾದ ಪ್ಲೇಸ್ಟೇಷನ್ 2 ಮೊದಲು ಮಾರುಕಟ್ಟೆಗೆ ಬಂದದ್ದು 2000ದ ಮಾರ್ಚ್‌ನಲ್ಲಿ. ಅದರ ತಯಾರಿಕೆ ನಿಂತೇ ಹತ್ತು ವರ್ಷಗಳ ಮೇಲಾಗಿರುವುದರಿಂದ, ಅದನ್ನು ಬಿಚ್ಚಿ ಸರಿಪಡಿಸಬಲ್ಲವರು ಈಗ ಸಿಗುವುದು ಅಪರೂಪ. ನನ್ನ ದಪ್ಪ ಮಾದರಿಯ ಯಂತ್ರದಲ್ಲಿ ನೀಲಿ ತಳದ ಸಿಡಿ ಆಟಗಳು ಸರಾಗವಾಗಿ ನಡೆಯುತ್ತಿದ್ದರೂ, ಬೆಳ್ಳಿ ಬಣ್ಣದ ಡಿವಿಡಿ ಆಟಗಳು ನಡುವೆಯೇ ನಿಂತುಬಿಡುತ್ತಿದ್ದವು. ಮೊದಲು ತೋರಿಸಿದ ರಿಪೇರಿಯವರು ಹತ್ತೇ ನಿಮಿಷದಲ್ಲಿ ಲೆನ್ಸಿನ ಪ್ರೀಸೆಟ್ (ಲೇಸರ್‌ನ ಪ್ರಖರತೆ ಹೊಂದಿಸುವ ಪುಟ್ಟ ತಿರುಪು) ತಿರುಗಿಸಿ ಕೊಟ್ಟರು. ಎರಡು ತಿಂಗಳೊಳಗೆ ತೊಂದರೆ ಮರುಕಳಿಸಿತು. ಆ ಬಳಿಕ ಯಂತ್ರವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಒಳಗಲ್ಲಿಯೊಂದರಲ್ಲಿರುವ, ನಾಲ್ವರು ನಿಂತರೆ ತುಂಬಿಹೋಗುವ ಅಂಗಡಿಗೆ ಒಯ್ದೆ.

ಅಂಗಡಿಯ ಹಿರಿಯರು ಯಾವ ಸ್ಕ್ರೂವನ್ನೂ ತಿರುಗಿಸುವ ಮೊದಲು ಮಲ್ಟಿಮೀಟರ್ ಹಿಡಿದು ಎರಡು ಪ್ರೀಸೆಟ್‌ಗಳ ವಿದ್ಯುತ್ ರೋಧವನ್ನು ಓಮ್‌ಗಳಲ್ಲಿ ಅಳೆದು ಚೀಟಿಯಲ್ಲಿ ಬರೆದಿಟ್ಟರು. ಈ ಲೆನ್ಸಿನಲ್ಲಿ ಸಿಡಿಗೊಂದು, ಡಿವಿಡಿಗೊಂದು ಪ್ರೀಸೆಟ್ ಇರುತ್ತದೆ. ಅದರ ರೋಧ ಇಳಿಸಿದರೆ ಲೇಸರ್ ಪ್ರಖರವಾಗಿ ಡಿಸ್ಕ್ ಓದುತ್ತದೆ, ಆದರೆ ಅಷ್ಟೇ ಬೇಗ ಸುಟ್ಟುಹೋಗುತ್ತದೆ. ಡಿವಿಡಿಯ ಪ್ರೀಸೆಟ್ಟನ್ನು ಹಿಂದಿನವರು ತೀರಾ ಇಳಿಸಿಬಿಟ್ಟಿದ್ದರು. ನಿಜವಾದ ದೋಷ ಇದ್ದದ್ದು ಲೆನ್ಸಿನ ಓರೆಯಲ್ಲಿ. ಸಿಡಿಯ ಸುರುಳಿಗೆರೆಗಳ ನಡುವಿನ ಅಂತರ 1.6 ಮೈಕ್ರೋಮೀಟರ್ ಇದ್ದರೆ ಡಿವಿಡಿಯಲ್ಲಿ ಅದು 0.74 ಮಾತ್ರ, ಹೀಗಾಗಿ ಸಿಡಿ ಸಹಿಸಿಕೊಳ್ಳುವಷ್ಟು ಸಣ್ಣ ಓರೆಗೂ ಡಿವಿಡಿ ತಡವರಿಸುತ್ತದೆ. ಅವರು ಪ್ರೀಸೆಟ್ಟನ್ನು ಮೇಲಕ್ಕೆ ತಂದು, ಲೆನ್ಸ್ ಒರೆಸಿ, ಲೆನ್ಸ್ ಜಾರುವ ಕಂಬಿಯ ಮೇಲೆ ಒಣಗಿ ಅಂಟಾಗಿದ್ದ ಗ್ರೀಸ್ ತೆಗೆದು ಹೊಸದನ್ನು ಹಚ್ಚಿದರು. ಆಮೇಲೆ ಲೆನ್ಸಿನ ಪಕ್ಕದಲ್ಲಿದ್ದ, ಅದರ ಓರೆಯನ್ನು ಹೊಂದಿಸುವ ಬಿಳಿ ಪ್ಲಾಸ್ಟಿಕ್ ಗಿಯರ್‌ನ ಮೂಲ ಸ್ಥಾನಕ್ಕೆ ಮಾರ್ಕರಿನಿಂದ ಗುರುತು ಹಾಕಿ, ಒಂದೊಂದೇ ಹಲ್ಲು ಸರಿಸುತ್ತ ಪ್ರತಿ ಬಾರಿಯೂ ಡಿಸ್ಕ್ ಓಡಿಸಿ ನೋಡಿದರು. ಮೂರನೆಯ ಹಲ್ಲಿಗೆ ಆಟ ತೆರೆದುಕೊಂಡಿತು. ಆದರೂ ಅವರು ನಾಲ್ಕನೆಯದನ್ನು ಪರೀಕ್ಷಿಸಿ, ಅಲ್ಲಿ ಓದುವಿಕೆ ಹದಗೆಟ್ಟದ್ದನ್ನು ಕಂಡ ಮೇಲಷ್ಟೇ ಮೂರಕ್ಕೆ ಮರಳಿದರು. ಕೊಟ್ಟ 700 ರೂಪಾಯಿ ನನ್ನ ಮಟ್ಟಿಗೆ ಈ ತಾಳ್ಮೆಗೇ ಸಂದಿತು.

ಕೊರತೆಗಳೂ ಇವೆ. ಎರಡು ದಿನವೆಂದು ಹೇಳಿ ಒಂಬತ್ತು ದಿನ ಹಿಡಿದರು; ರಸೀದಿ ಕೇಳಿದರೆ ನಕ್ಕರು. ಇದಕ್ಕಿಂತ ಮುಖ್ಯವಾದದ್ದೆಂದರೆ, ಅವರ ಬಳಿ ಪರೀಕ್ಷೆಗೆ ಇದ್ದದ್ದು ಡಿವಿಡಿ ಆಟ ಮಾತ್ರ. ಹೊಸ ಓರೆಯಲ್ಲಿ ಸಿಡಿ ಆಟಗಳು ತೆರೆಯಲು ತಡವಾಗುವುದು ಮನೆಗೆ ಬಂದ ಮೇಲೆ ತಿಳಿದು, ಮತ್ತೊಮ್ಮೆ ಹೋಗಿ ಅರ್ಧ ಹಲ್ಲಿನಷ್ಟು ಹಿಂದಕ್ಕೆ ಸರಿಸಿಕೊಂಡು ಬರಬೇಕಾಯಿತು. ಅದಕ್ಕೆ ಹಣ ಪಡೆಯಲಿಲ್ಲ. ಅಲ್ಲಿಗೆ ಹೋಗುವವರು ತಮ್ಮದೇ ಒಂದು ನೀಲಿ, ಒಂದು ಬೆಳ್ಳಿ ಡಿಸ್ಕನ್ನು ಯಂತ್ರದ ಜೊತೆಗೇ ಒಯ್ದು, ಎರಡನ್ನೂ ಕಣ್ಣೆದುರೇ ಓಡಿಸಿ ನೋಡುವುದು ಒಳ್ಳೆಯದು.