ಬೋಯಾ ಬಿವೈ-ಎಂ1 ಕಾಲರ್ ಮೈಕ್: ಚಿಕ್ಕಮ್ಮನ ಬೆಳಗಿನ ಶೋನಲ್ಲಿ ಬಳಸಿ ನೋಡಿ ಬರೀತಿರೋದು

ಮನೇಲೇ ಕೂತು ಇಂಟರ್‌ವ್ಯೂ ರೆಕಾರ್ಡ್ ಮಾಡೋರು ಯಾರಾದ್ರೂ ಕೇಳಿದ್ರೆ ನಾನು ಮೊದ್ಲು ಹೇಳೋದು ಬೋಯಾ ಬಿವೈ-ಎಂ1 ತಗೊಳ್ಳಿ ಅಂತ. ಬೆಲೆ ಸಾವಿರ ರೂಪಾಯಿ ಆಸುಪಾಸು, ಕಾಲರ್‌ಗೆ ಸಿಕ್ಕಿಸೋ ಪುಟ್ಟ ಮೈಕ್, ಆರು ಮೀಟರ್ ವೈರು, ಮಧ್ಯೆ ಒಂದು ಚಿಕ್ಕ ಡಬ್ಬಿ, ಅದರಲ್ಲಿ ಒಂದು ಸ್ವಿಚ್ಚು. ಅಷ್ಟೇ.

ನಾನು ಇದನ್ನ ತಗೊಂಡಿದ್ದು ಮುಂಬೈನ ಮುಲುಂಡ್‌ನಲ್ಲಿರೋ ನಮ್ ಚಿಕ್ಕಮ್ಮನಿಗೋಸ್ಕರ. ಅವರು ಏರಿಯಾದ ಕೇಬಲ್‌ನವರ ಲೋಕಲ್ ಚಾನೆಲ್‌ನಲ್ಲಿ ವರ್ಷಗಟ್ಟಲೆ ಬೆಳಗ್ಗೆ ಕನ್ನಡ ಪ್ರೋಗ್ರಾಂ ನಡೆಸಿದವರು, ಆಂಕರ್ ಅವರೇ, ಪ್ರೊಡ್ಯೂಸರ್ ಅವರೇ, ಗೆಸ್ಟ್‌ಗೆ ಹಿಂದಿನ ರಾತ್ರಿ ಫೋನ್ ಮಾಡಿ ನೆನಪಿಸೋರು ಅವರೇ, ಬಂದ ಮೇಲೆ ಚಹಾ ಮಾಡಿ ಕೊಡೋರೂ ಅವರೇ. ರಾತ್ರಿಶಾಲೆಯಲ್ಲಿ ಪಾಠ ಮಾಡಿದ ಮೇಷ್ಟ್ರು, ಹೋಟ್ಲಿನಲ್ಲಿ ಕ್ಲೀನರ್ ಆಗಿ ಸೇರಿ ಆಮೇಲೆ ಸ್ವಂತ ಹೋಟ್ಲು ಇಟ್ಟವರು, ಯಕ್ಷಗಾನದವರು, ಮಾಟುಂಗದ ಕರ್ನಾಟಕ ಸಂಘದಲ್ಲಿ ನಾಟಕ ಮಾಡ್ತಿದ್ದವರು, ಇಂಥೋರನ್ನೆಲ್ಲ ಕರೆದು ಮಾತಾಡ್ಸಿದಾರೆ. ಪೇಪರ್‌ನಲ್ಲಿ ಹೆಸರು ಬರದ ಜನ. 2012ರ ಕೊನೆಗೆ ಮುಂಬೈ ಕೇಬಲ್ ಎಲ್ಲ ಡಿಜಿಟಲ್ ಆಗಿ ಮನೆಮನೆಗೂ ಸೆಟ್‌ಟಾಪ್ ಬಾಕ್ಸ್ ಬಂತಲ್ಲ, ಅದಾದ ಮೇಲೆ ಆ ಚಾನೆಲ್ ನಿಂತೋಯ್ತು. ಚಿಕ್ಕಮ್ಮ ನಿಲ್ಲಿಸ್ಲಿಲ್ಲ, ಈಗ ಹಾಲ್‌ನಲ್ಲೇ ಸೋಫಾ ಮೇಲೆ ಕೂತು ಫೋನಲ್ಲಿ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕ್ತಾರೆ, ಅದೂ ಬೆಳಗ್ಗೆ ಮುಂಚಿನ ಟೈಮಿಗೇ.

ಅವರಿಗೆ ಟಿವಿ ಆಂಕರ್ ತಬಸ್ಸುಮ್ ಅಂದ್ರೆ ತುಂಬಾ ಗೌರವ. ಮುಂಬೈ ದೂರದರ್ಶನ 1972ರ ಅಕ್ಟೋಬರ್ 2ಕ್ಕೆ ಶುರುವಾಯ್ತು, ಆ ವರ್ಷದಿಂದ 1993ರವರೆಗೆ ತಬಸ್ಸುಮ್ ಅದರಲ್ಲಿ ಒಂದೇ ಟಾಕ್ ಶೋ ನಡೆಸಿದ್ರು, ವಯಸ್ಸಾದ ಮೇಲೆ ಯೂಟ್ಯೂಬ್ ಚಾನೆಲ್ಲೂ ಮಾಡಿದ್ರು. ಸ್ಮಿತಾ ತಳ್ವಲ್ಕರ್ ಹೆಸರೂ ಚಿಕ್ಕಮ್ಮನ ಬಾಯಲ್ಲಿ ಆಗಾಗ ಬರತ್ತೆ, ದೂರದರ್ಶನದಲ್ಲಿ ನ್ಯೂಸ್ ಓದ್ತಿದ್ದವರು ಮುಂದೆ ಪ್ರೊಡ್ಯೂಸರ್ ಆದ್ರು ಅಂತ. ಕ್ಯಾಮೆರಾ ಮುಂದೆ ಕೂತ ಹೆಂಗಸು ಕ್ಯಾಮೆರಾ ಹಿಂದಿನ ಕೆಲಸಾನೂ ಕೈಗೆ ತಗೊಂಡ್ರೆ ಮಾತ್ರ ಪ್ರೋಗ್ರಾಂ ಅವಳದ್ದಾಗಿ ಉಳಿಯತ್ತೆ ಅನ್ನೋದು ಚಿಕ್ಕಮ್ಮನ ನಂಬಿಕೆ, ಅವರ ಜೊತೆ ಕೆಲಸ ಮಾಡ್ತಾ ಮಾಡ್ತಾ ನನಗೂ ಅದೇ ನಿಜ ಅನ್ಸಿದೆ.

ಇದನ್ನೆಲ್ಲ ಮೈಕ್ ರಿವ್ಯೂನಲ್ಲಿ ಯಾಕೆ ಹೇಳ್ತಿದೀನಿ ಅಂದ್ರೆ, ಬೆಳಗಿನ ಪ್ರೋಗ್ರಾಂ ಅನ್ನು ಜನ ಕೂತ್ಕೊಂಡು ನೋಡೋದೇ ಇಲ್ಲ. ಒಬ್ರು ಅಡುಗೆಮನೇಲಿ ಡಬ್ಬಿ ಕಟ್ತಿರ್ತಾರೆ, ಇನ್ನೊಬ್ರು ಸಾಕ್ಸ್ ಹುಡುಕ್ತಿರ್ತಾರೆ, ಲೋಕಲ್ ಟ್ರೈನ್ ಹಿಡಿಯೋ ಗಡಿಬಿಡಿ, ಅದರ ನಡುವೆ ಕಿವಿ ಮಾತ್ರ ಟಿವಿ ಕಡೆ ಇರತ್ತೆ. ಅದಕ್ಕೇ ಕೇಬಲ್ ಕಾಲದಲ್ಲಿ ಚಿಕ್ಕಮ್ಮ ಹತ್ತು ನಿಮಿಷಕ್ಕೊಮ್ಮೆ ಟೈಮ್ ಎಷ್ಟಾಯ್ತು ಅಂತ ಹೇಳೋರು, ಭಾನುವಾರ ಆದ್ರೆ ರೈಲ್ವೆ ಮೆಗಾಬ್ಲಾಕ್, ಅಂದ್ರೆ ಹಳಿ ರಿಪೇರಿಗೆ ಟ್ರೈನ್ ನಿಲ್ಲಿಸೋದು, ಎಲ್ಲಿಂದ ಎಲ್ಲಿಗೆ ಅಂತಾನೂ. ಪಿಕ್ಚರ್ ಸ್ವಲ್ಪ ಮಸುಕಾಗಿದ್ರೂ ಯಾರೂ ಕಂಪ್ಲೇಂಟ್ ಮಾಡಲ್ಲ, ದನಿ ಗುಹೆಯೊಳಗಿಂದ ಬಂದಂಗೆ ಕೇಳಿಸಿದ್ರೆ ಎರಡನೇ ನಿಮಿಷಕ್ಕೆ ಬಂದ್ ಮಾಡ್ತಾರೆ. ಹೊಸ ಫೋನ್, ರಿಂಗ್ ಲೈಟ್ ಅಂತ ದುಡ್ಡು ಸುರಿಯೋ ಮುಂಚೆ ಮೈಕ್ ತಗೊಳ್ಳಿ ಅಂತ ನಾನು ಹಠ ಮಾಡೋದು ಇದೇ ಕಾರಣಕ್ಕೆ.

ಈಗ ಮೈಕ್ ವಿಷ್ಯ. ಸ್ವಿಚ್‌ನಲ್ಲಿ ಎರಡು ಕಡೆ, ಒಂದು ಸ್ಮಾರ್ಟ್‌ಫೋನ್, ಅದೇ ಆಫ್ ಕೂಡ, ಇನ್ನೊಂದು ಕ್ಯಾಮೆರಾ. ಫೋನ್‌ಗೆ ಹಾಕಿದ್ರೆ ಫೋನೇ ಕರೆಂಟ್ ಕೊಡತ್ತೆ, ಒಳಗಿನ ಬ್ಯಾಟರಿ ಬೇಕಾಗಲ್ಲ. ಕ್ಯಾಮೆರಾಗೆ ಹಾಕೋದಾದ್ರೆ ಎಲ್‌ಆರ್44 ಅನ್ನೋ ಬಟನ್ ಸೆಲ್ ಬೇಕು, ಕೆಲಸ ಮುಗಿದ ಮೇಲೆ ಸ್ವಿಚ್ ವಾಪಸ್ ತಳ್ಳಿ, ಇಲ್ಲಾಂದ್ರೆ ಸೆಲ್ ಸುಮ್ನೆ ಖಾಲಿಯಾಗ್ತಾ ಇರತ್ತೆ. ಪಿನ್ನು 3.5 ಎಂಎಂದು, ವೈರಿನ ಇಯರ್‌ಫೋನ್‌ಗೆ ಇರೋ ಥರದ್ದು, ಈಗಿನ ಎಷ್ಟೋ ಫೋನ್‌ಗಳಲ್ಲಿ ಆ ತೂತೇ ಇಲ್ಲ, ಟೈಪ್-ಸಿ ಅಡಾಪ್ಟರ್ ಬೇಕು, ಇಲ್ಲಿ ಹುಷಾರು, ಕೆಲವು ಅಡಾಪ್ಟರ್ ಹಾಡು ಕೇಳೋಕೆ ಮಾತ್ರ ಆಗತ್ತೆ, ಮೈಕ್ ದನಿ ಒಳಗೆ ಹೋಗೋದೇ ಇಲ್ಲ. ಅಂಗಡೀಲೇ ಹಾಕಿ ನೋಡಿ, ರೆಕಾರ್ಡಿಂಗ್ ಆನ್ ಮಾಡಿ ಮೈಕ್ ಮೇಲೆ ಉಗುರಲ್ಲಿ ಟಕ್ ಟಕ್ ಅನ್ನಿಸಿ, ಆ ಸದ್ದು ಜೋರಾಗಿ ಬಂದಿದ್ರೆ ಮೈಕ್ ಕೆಲಸ ಮಾಡ್ತಿದೆ, ದೂರದಿಂದ ಬಂದಂಗಿದ್ರೆ ಫೋನ್ ತನ್ನ ಮೈಕ್‌ನಲ್ಲೇ ರೆಕಾರ್ಡ್ ಮಾಡ್ತಿದೆ ಅಂತ ಅರ್ಥ. ಮುಂಬೈನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡ್‌ಗೆ ಹೋಗೋರಿದ್ರೆ, ಗ್ರ್ಯಾಂಟ್ ರೋಡ್ ಸ್ಟೇಷನ್ನಿಂದ ನಡ್ಕೊಂಡೇ ಹೋಗಬಹುದು, ನಿಮ್ ಫೋನೇ ಹಿಡ್ಕೊಂಡು ಹೋಗಿ ಚೆಕ್ ಮಾಡಿಸ್ಕೊಳ್ಳಿ.

ದನಿ ಚೆನ್ನಾಗಿದೆ. ಮಾತು ಹತ್ತಿರದಿಂದ ಕೇಳಿಸತ್ತೆ, ಚಿಕ್ಕಮ್ಮನ ಗಂಟಲಲ್ಲಿರೋ ಆ ಸಣ್ಣ ಗರಗರಾನೂ ಬರತ್ತೆ, ನನಗದು ಇಷ್ಟ. ಆದ್ರೆ ಇದು ಎಲ್ಲಾ ದಿಕ್ಕಿನ ಸದ್ದೂ ಹಿಡಿಯೋ ಜಾತಿ ಮೈಕ್, ಅದು ಗೊತ್ತಿದ್ದೇ ತಗೋಬೇಕು. ಫ್ಯಾನ್ ಆಫ್ ಮಾಡಲೇಬೇಕು, ಮುಂಬೈ ಸೆಕೆಯಲ್ಲಿ ಗೆಸ್ಟ್ ಬೆವರ್ತಾರೆ, ಬೇರೆ ದಾರಿ ಇಲ್ಲ. ಪಕ್ಕದ ಮನೆ ಕುಕ್ಕರ್ ಕೂಗಿದ್ರೂ ಬರತ್ತೆ, ಕಾಗೆ ಕೂಗಿದ್ರೂ ಬರತ್ತೆ. ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಹೆಂಗಸರಿಗೆ ಇನ್ನೊಂದು ವಿಷ್ಯ ಇದೆ, ಕರಿಮಣಿ ಸರ ಮೈಕ್‌ಗೆ ತಾಗಿ ಕಟಕಟ ಅಂತಿರತ್ತೆ, ರೇಷ್ಮೆ ಸೀರೆ ಆದ್ರೆ ಸೆರಗು ಅಲ್ಲಾಡಿದಾಗೆಲ್ಲ ಸರಸರ. ಹಿಂದಿನ ರಾತ್ರಿ ಫೋನ್ ಮಾಡಿದಾಗಲೇ ಚಿಕ್ಕಮ್ಮ ಈಗ ಹೇಳಿಬಿಡ್ತಾರೆ, ‘ಕಾಟನ್ ಸೀರೆ ಉಟ್ಕೊಂಡ್ ಬನ್ನಿ ಅಕ್ಕಾ, ಸರ ಒಳಗೆ ಹಾಕ್ಕೊಳ್ಳಿ’ ಅಂತ.

ಚೆಂಡೆಯವರು ಬಂದ್ರೆ ಈ ಮೈಕ್ ಬೇಡ, ಅಷ್ಟು ಹತ್ತಿರದಲ್ಲಿ ಚೆಂಡೆ ಬಿದ್ರೆ ದನಿ ಒಡೆದೋಗತ್ತೆ. ಮಾತಿಗೆ ಇದು, ವಾದನಕ್ಕೆ ಫೋನನ್ನೇ ದೂರ ಇಟ್ಟು ತಗೊಳ್ಳಿ.

ವೈರ್ ಕಿರಿಕಿರಿ ಅಂತ ಸುಮಾರು ಜನ ವೈರ್‌ಲೆಸ್ ಕಡೆ ಹೋಗ್ತಾರೆ. ಮಾತಿನ ಮಧ್ಯೆ ಗೆಸ್ಟ್ ವೈರ್ ಇದೆ ಅನ್ನೋದು ಮರೆತು ಎದ್ದುಬಿಡ್ತಾರೆ ಅನ್ನೋದೇನೋ ನಿಜ, ಅದಕ್ಕೆ ವೈರನ್ನ ಸೋಫಾ ಕೆಳಗಿಂದ ತಂದು ನೆಲಕ್ಕೆ ಟೇಪ್ ಹಾಕ್ತೀನಿ. ಆದ್ರೆ ವೈರ್ ಇದ್ರೆ ಚಾರ್ಜ್ ಮಾಡೋ ತಲೆನೋವಿಲ್ಲ, ಎಂಬತ್ತು ದಾಟಿದ ಅಜ್ಜ ಒಬ್ರು ಊರು ಬಿಟ್ಟು ಬಂದ ಕತೆ ಹೇಳ್ತಿರೋವಾಗ ಬ್ಯಾಟರಿ ಹೋಯ್ತು, ಇನ್ನೊಂದ್ಸಲ ಹೇಳಿ ಅಂತ ಕೇಳೋಕಾಗಲ್ಲ, ಕೇಳಿದ್ರೂ ಎರಡನೇ ಸಲ ಆ ಕತೆ ಹಂಗೆ ಬರಲ್ಲ. ಚಿಕ್ಕಮ್ಮನಂಥ ಆಂಕರ್ ಮಧ್ಯೆ ಬಾಯಿ ಹಾಕದೆ ಸುಮ್ನೆ ಕೇಳಿಸ್ಕೊಳ್ತಾರೆ, ಆ ಸುಮ್ನಿರೋ ಗಳಿಗೆಯಲ್ಲೇ ಗೆಸ್ಟ್ ಒಳ್ಳೇ ಮಾತು ಆಡೋದು.

ಇಬ್ರು ಮಾತಾಡೋ ಶೋ ಆದ್ರೆ ಬಿವೈ-ಎಂ1ಡಿಎಂ ನೋಡಿ, ಒಂದೇ ಪಿನ್ನಿಗೆ ಎರಡು ಮೈಕ್ ಇರೋದು. ನಾವು ಸದ್ಯಕ್ಕೆ ಒಂದನ್ನೇ ಗೆಸ್ಟ್‌ಗೆ ಹಾಕಿ ಚಿಕ್ಕಮ್ಮನ್ನ ಪಕ್ಕಕ್ಕೇ ಕೂರಿಸ್ತೀವಿ, ಅವರ ಪ್ರಶ್ನೆ ಸ್ವಲ್ಪ ಸಣ್ಣಗೆ ಕೇಳಿಸತ್ತೆ, ಅವರಿಗೆ ಅದು ಪರವಾಗಿಲ್ವಂತೆ. ನನಗೆ ಅದು ಸರಿ ಅನ್ಸಲ್ಲ, ಗಣಪತಿ ಹಬ್ಬದೊಳಗೆ ಎರಡು ಮೈಕ್‌ದು ತರಿಸ್ತೀನಿ.