ಕರೆಂಟ್ ಇಲ್ಲ ಅಂತ ಯಾವುದರ ಮಾತು ನಂಬಬೇಕು? ನಿಯಾನ್ ಟೆಸ್ಟರ್, ಪೆನ್, ಮಲ್ಟಿಮೀಟರ್, ಎರಡು ಪ್ರೋಬಿನ ಟೆಸ್ಟರ್: ಒಂದು ಹೋಲಿಕೆ

ತಂತಿಗೆ ಕೈ ಹಾಕುವ ಮುಂಚೆ ಅದರಲ್ಲಿ ಕರೆಂಟ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಒಂದೇ ಒಂದು ಉಪಕರಣ ಕೊಳ್ಳುವುದಾದರೆ ಎರಡು ಪ್ರೋಬಿನ ವೋಲ್ಟೇಜ್ ಟೆಸ್ಟರ್ ಕೊಳ್ಳಿ. ನಿಯಾನ್ ಟೆಸ್ಟರ್, ಮುಟ್ಟದೆ ನೋಡುವ ಪೆನ್, ಮಲ್ಟಿಮೀಟರ್ ಮೂರೂ ನನ್ನ ಚೀಲದಲ್ಲಿವೆ, ಮೂರಕ್ಕೂ ಕೆಲಸವಿದೆ. ಆದರೆ ‘ಇಲ್ಲಿ ಏನೂ ಇಲ್ಲ’ ಎಂದು ನಾಲ್ಕನೆಯದು ಹೇಳಿದ ಮೇಲೇ ನಾನು ಕೈ ಹಾಕುವುದು.

ಸ್ಕ್ರೂಡ್ರೈವರ್ ಆಕಾರದ ನಿಯಾನ್ ಟೆಸ್ಟರ್‌ನಲ್ಲಿ ಸರ್ಕ್ಯೂಟ್ ಪೂರ್ತಿಯಾಗುವುದು ನಮ್ಮ ಮೈ ಮೂಲಕ. ಒಳಗಿನ ರೆಸಿಸ್ಟರ್ ಸಾಮಾನ್ಯವಾಗಿ 1 ಮೆಗಾಓಮ್ ಆಸುಪಾಸಿನದು. ಅದು ಇರುವುದರಿಂದಲೇ 230 ವೋಲ್ಟ್ ಮುಟ್ಟಿದರೂ ಹರಿಯುವುದು ಕಾಲು ಮಿಲಿಆಂಪ್ ಒಳಗೆ. ಅದರಲ್ಲೇ ಬಿಗಿ ಸ್ಕ್ರೂ ತಿರುಗಿಸಿ ಹಿಡಿ ಬಿರುಕು ಬಿಟ್ಟಿದ್ದರೆ, ಒಳಗೆ ತೇವ ಇಳಿದಿದ್ದರೆ, ಆ ರಕ್ಷಣೆ ಇನ್ನೂ ಇದೆ ಎನ್ನುವಂತಿಲ್ಲ. ಒಣ ಮರದ ಏಣಿ ಮೇಲೆ ನಿಂತರೆ ದೀಪ ಮಂಕಾಗುತ್ತದೆ, ಬಿಸಿಲಿನಲ್ಲಿ ಕಾಣಿಸುವುದೇ ಇಲ್ಲ. ಹತ್ತಿದರೆ ಏನೋ ಇದೆ ಎಂದರ್ಥ. ಹತ್ತದಿದ್ದರೆ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ನ್ಯೂಟ್ರಲ್ ಕಟ್ಟಾದಾಗಲಂತೂ, ಆನ್ ಇರುವ ಬಲ್ಬು ಫ್ಯಾನುಗಳ ಮೂಲಕ ಫೇಸ್ ಬಂದು ನ್ಯೂಟ್ರಲ್ ತಂತಿಯಲ್ಲೂ ನಿಯಾನ್ ಬೆಳಗುತ್ತದೆ. ಎರಡೂ ಕಡೆ ಬೆಳಕು, ಆದರೆ ಬಲ್ಬು ಫ್ಯಾನು ಯಾವುದೂ ಓಡದು.

ಪೆನ್ ಚುರುಕು. ಯಾವ ಎಂಸಿಬಿ (ಒಂದೊಂದು ಲೈನನ್ನು ಕಾಯುವ ಟ್ರಿಪ್ ಸ್ವಿಚ್) ಯಾವ ಲೈನಿನದು ಎಂದು ಹುಡುಕಲು ಅದಕ್ಕಿಂತ ಸಲೀಸು ಇನ್ನೊಂದಿಲ್ಲ. ಆದರೆ ಲೋಹದ ಪೈಪಿನೊಳಗಿನ ತಂತಿ, ಲೋಹದ ಕವಚವಿರುವ ಆರ್ಮರ್ಡ್ ಕೇಬಲ್, ಡಿಸಿ ಇವು ಅದಕ್ಕೆ ಕಾಣುವುದಿಲ್ಲ. ಪಕ್ಕದ ತಂತಿಯ ಕರೆಂಟಿಗೂ ಬೀಪ್ ಮಾಡುತ್ತದೆ.

ಈಗ ಮಲ್ಟಿಮೀಟರ್. ಒಳ್ಳೆಯ ಮೀಟರ್ ಇರುವಾಗ ಇನ್ನೊಂದು ಟೆಸ್ಟರ್ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಯಾಕೆಂದರೆ ಅದು ತೋರಿಸುವ ಘೋಸ್ಟ್ ವೋಲ್ಟೇಜ್, ಅಂದರೆ ಸಪ್ಲೈಗೆ ಸೇರದ ತಂತಿಯಲ್ಲೂ ಕಾಣುವ ಹುಸಿ ವೋಲ್ಟೇಜ್. ಮೆಟ್ಟಿಲ ದೀಪದ ಟೂ-ವೇ ವೈರಿಂಗ್ ತೆಗೆದುಕೊಳ್ಳಿ. ಎರಡು ಸ್ವಿಚ್‌ಗಳ ನಡುವೆ ಜೊತೆಯಾಗಿ ಹೋಗುವ ಎರಡು ತಂತಿಗಳಲ್ಲಿ ಒಂದಕ್ಕೆ ಮಾತ್ರ ಫೇಸ್ ಬಂದು, ಇನ್ನೊಂದರ ಎರಡೂ ತುದಿ ತೆರೆದಿರುವ ಹೊತ್ತು ಇದ್ದೇ ಇರುತ್ತದೆ. ತೆರೆದ ತಂತಿಗೆ ಮೀಟರ್ ಹಿಡಿದರೆ 80, 100, 115 ಹೀಗೆ ಏನೋ ಒಂದು ಸಂಖ್ಯೆ. ಎಲ್ಲೋ ಲೀಕ್ ಆಗುತ್ತಿದೆ ಎಂದು ಗೋಡೆ ಒಡೆಯಲು ಹೊರಟವರಿದ್ದಾರೆ.

ಇದು ಮೀಟರಿನ ದೋಷವಲ್ಲ. ಒಂದಕ್ಕೊಂದು ತಾಗಿ ಓಡುವ ಎರಡು ತಂತಿಗಳು ಸೇರಿದರೆ ಅದೊಂದು ಕೆಪಾಸಿಟರ್, ಒಳಗಿನ ಲೋಹ ತಾಗದೆಯೇ ಎಸಿಯನ್ನು ಸ್ವಲ್ಪ ದಾಟಿಸುತ್ತದೆ. ಒಂದು ಮೀಟರ್ ಉದ್ದದ ತಂತಿಗೆ ಸುಮಾರು 100 ಪಿಕೋಫ್ಯಾರಡ್ ಎಂದು ಹಿಡಿದರೆ 15 ಮೀಟರ್ ಉದ್ದಕ್ಕೆ 1.5 ನ್ಯಾನೋಫ್ಯಾರಡ್ ಆಯಿತು. 50 ಹರ್ಟ್ಸ್‌ನಲ್ಲಿ ಅದರ ಅಡ್ಡಿ ಸುಮಾರು 2.1 ಮೆಗಾಓಮ್. ಅಷ್ಟೇ ಕೆಪಾಸಿಟೆನ್ಸ್ ಇನ್ನೊಂದು ಪಕ್ಕದ ಅರ್ಥ್ ತಂತಿಗೂ ಇದ್ದರೆ, ತೆರೆದ ತಂತಿ 230ರ ಅರ್ಧದಲ್ಲಿ, ಅಂದರೆ 115 ವೋಲ್ಟ್‌ನಲ್ಲಿ ನಿಲ್ಲುತ್ತದೆ. ಡಿಜಿಟಲ್ ಮೀಟರಿನ ಒಳಗಿನ ಪ್ರತಿರೋಧ ಸಾಮಾನ್ಯವಾಗಿ 10 ಮೆಗಾಓಮ್. ಅದು ಹೀರುವ ಕರೆಂಟ್ ಎಷ್ಟು ಸಣ್ಣದೆಂದರೆ ಆ 115 ಹಾಗೇ ಉಳಿದು ಪರದೆ ಮೇಲೆ ಬರುತ್ತದೆ. ಅದೇ ಜಾಗಕ್ಕೆ 3 ಕಿಲೋಓಮ್ ಲೋಡ್ (ಕರೆಂಟ್ ಎಳೆಯುವ ರೆಸಿಸ್ಟರ್) ಹಿಡಿಯಿರಿ, ಉಳಿಯುವುದು ಅರ್ಧ ವೋಲ್ಟೂ ಇಲ್ಲ. ನಿಜವಾದ ಫೇಸ್ ಆಗಿದ್ದರೆ 3 ಕಿಲೋಓಮ್‌ಗೆ ಅದು ಜಗ್ಗುವುದೇ ಇಲ್ಲ.

ನನಗೆ ಇದರಲ್ಲಿ ದೊಡ್ಡ ಅಪಾಯ ಅನಿಸುವುದು ಸುಳ್ಳು ಸಂಖ್ಯೆಯಲ್ಲ, ಅದರಿಂದ ಬೆಳೆಯುವ ಅಭ್ಯಾಸ. ‘ಇದು ಘೋಸ್ಟ್, ಬಿಡು’ ಎನ್ನುವುದು ರೂಢಿಯಾದ ಮೇಲೆ, ಸವೆದ ಇನ್ಸುಲೇಶನ್ನಿಂದ ಬಂದ ನಿಜವಾದ 110 ವೋಲ್ಟನ್ನೂ ಕೈ ಹಾಗೇ ದಾಟಿಸಿಬಿಡುತ್ತದೆ.

ಎರಡು ಪ್ರೋಬಿನ ಟೆಸ್ಟರ್ ಈ ಗೊಂದಲವನ್ನು ಅಲ್ಲೇ ಮುಗಿಸುತ್ತದೆ. ಬಟನ್ ಒತ್ತದೆ ಬರಿದೆ ಹಿಡಿದಾಗ, ವೋಲ್ಟೇಜ್ ಏರಿದಂತೆ ಹತ್ತುವ ಎಲ್‌ಇಡಿ ಸಾಲಿನಲ್ಲಿ ತೀರಾ ಕೆಳಗಿನ 12 ವೋಲ್ಟ್‌ನದು ಘೋಸ್ಟ್‌ಗೆ ಮಿನುಗಬಹುದು. ಎರಡೂ ಹಿಡಿಗಳ ಬಟನ್ ಒಟ್ಟಿಗೆ ಒತ್ತಿದರೆ ಲೋಡ್ ಸೇರಿ ಅದೂ ಆರುತ್ತದೆ. ಆರಲಿಲ್ಲವೋ, ಅದು ನಿಜವಾದ ವೋಲ್ಟೇಜ್. ತಿರುಗಿಸಲು ಡಯಲ್ ಇಲ್ಲ, ತಪ್ಪಾಗಿ ಚುಚ್ಚಲು ಆಂಪ್ ಸಾಕೆಟ್ ಇಲ್ಲ. ಮಲ್ಟಿಮೀಟರ್‌ನಲ್ಲಿ ಕರೆಂಟ್ ಅಳೆದು ಕೆಂಪು ಲೀಡನ್ನು 10 ಆಂಪ್ ಸಾಕೆಟ್ಟಿನಲ್ಲೇ ಮರೆತು ಫೇಸ್-ನ್ಯೂಟ್ರಲ್‌ಗೆ ಹಿಡಿದರೆ ನೇರ ಶಾರ್ಟ್. ಆಗ ಒಳಗೆ ಎಚ್‌ಆರ್‌ಸಿ ಫ್ಯೂಸ್ (ಭಾರಿ ಶಾರ್ಟ್ ಕರೆಂಟನ್ನೂ ಸಿಡಿಯದೆ ಕಡಿಯುವಂಥದು) ಇಲ್ಲದೆ ಮಾಮೂಲಿ ಗಾಜಿನ ಫ್ಯೂಸ್ ಇದ್ದರೆ ಮೀಟರ್ ಕೈಯಲ್ಲೇ ಸಿಡಿಯಬಹುದು.

ಇದರ ಕಿರಿಕಿರಿಯೂ ಹೇಳಬೇಕು. ಫೇಸ್-ಅರ್ಥ್ ನಡುವೆ ಬಟನ್ ಒತ್ತಿದರೆ ಎಷ್ಟೋ ಮಾಡೆಲ್‌ಗಳು 30 ಮಿಲಿಆಂಪ್‌ಗಿಂತ ಹೆಚ್ಚು ಎಳೆದು ಆರ್‌ಸಿಸಿಬಿ (ಅರ್ಥ್‌ಗೆ ಕರೆಂಟ್ ಸೋರಿದರೆ ಸಪ್ಲೈ ಕಡಿಯುವ ಸ್ವಿಚ್) ಟ್ರಿಪ್ ಮಾಡುತ್ತವೆ, ಮನೆಯ ಉಳಿದ ಲೈನುಗಳೂ ಹೋಗುತ್ತವೆ. ಮೊದಲು ಫೇಸ್-ನ್ಯೂಟ್ರಲ್ ನೋಡಿ, ಅರ್ಥ್‌ಗೆ ಹಿಡಿದಾಗ ಬಟನ್ ಒತ್ತಬೇಡಿ. ಲೋಡ್ ಹಾಕಿ ತುಂಬಾ ಹೊತ್ತು ಹಿಡಿದರೆ ಟೆಸ್ಟರ್ ಬಿಸಿಯಾಗುತ್ತದೆ. ಎಷ್ಟು ಸೆಕೆಂಡ್ ಎಂದು ಅದರ ಮೇಲೇ ಬರೆದಿರುತ್ತದೆ. ಮೆಟ್ಟಿಲಿನಂತೆ ಏರುವ ಎಲ್‌ಇಡಿ ಮಾತ್ರ ಇರುವ ಮಾಡೆಲ್ ಆದರೆ ಸಪ್ಲೈ 195 ಇದೆಯೋ 225 ಇದೆಯೋ ಗೊತ್ತಾಗದು, ಅದಕ್ಕೆ ಮಲ್ಟಿಮೀಟರೇ ಬೇಕು.

ಉಪಕರಣ ಯಾವುದೇ ಇರಲಿ, ಕ್ರಮ ಒಂದೇ. ಕರೆಂಟ್ ಇರುವುದು ಖಚಿತವಾಗಿರುವ ಕಡೆ ಮೊದಲು ಹಿಡಿದು ನೋಡಿ, ಆಮೇಲೆ ಕೆಲಸದ ಜಾಗ, ಮತ್ತೆ ಖಚಿತ ಜಾಗ. ನಡುವೆ ಲೀಡ್ ತುಂಡಾಗಿದ್ದರೆ ಮೂರನೆಯ ಹೆಜ್ಜೆಯಲ್ಲೇ ತಿಳಿಯುವುದು. ಸಿಂಗಲ್ ಫೇಸ್‌ನಲ್ಲಿ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರೂ ನೋಡಬೇಕು. ತ್ರೀ ಫೇಸ್ ಆದರೆ ಹತ್ತು ಜೋಡಿ. ಒಂದೇ ಫೇಸಿನ ಎರಡು ತಂತಿಗಳ ನಡುವೆ ಹಿಡಿದರೆ ಎರಡರಲ್ಲೂ ಕರೆಂಟ್ ಇದ್ದರೂ ಸೊನ್ನೆಯೇ ಬರುತ್ತದೆ.

ನನ್ನ ಮೆಚ್ಚಿನ ಟೆಸ್ಟರ್ ಕೂಡ ಮೋಸಹೋಗುವ ಒಂದು ಸಂದರ್ಭವಿದೆ. ಬಾಕ್ಸಿಗೆ ಬರುವ ನ್ಯೂಟ್ರಲ್, ಅರ್ಥ್ ಎರಡೂ ಕಟ್ಟಾಗಿದ್ದರೆ ಫೇಸ್ ಇದ್ದೂ ಮೂರು ಜೋಡಿಯೂ ಸೊನ್ನೆ. ಅದಕ್ಕೇ ಕೊನೆಯಲ್ಲಿ ಪೆನ್ ಒಮ್ಮೆ ಆಡಿಸುವುದು. ಟೆಸ್ಟರ್ ಸೊನ್ನೆ ಎಂದು ಪೆನ್ ಬೀಪ್ ಮಾಡಿದರೆ ಕೈ ಹಾಕಬೇಡಿ, ಗೊತ್ತಿರುವ ಒಳ್ಳೆಯ ಅರ್ಥ್‌ನಿಂದ ಉದ್ದದ ಲೀಡ್ ತಂದು ಮತ್ತೆ ಅಳೆಯಿರಿ.

ಕೊಳ್ಳುವಾಗ ಐಇಸಿ 61243-3 (ಎರಡು ಪ್ರೋಬಿನ ಟೆಸ್ಟರ್‌ಗಳ ಅಂತರರಾಷ್ಟ್ರೀಯ ಮಾನದಂಡ) ಎಂಬ ಗುರುತು ನೋಡಿ. ಡಿಬಿ (ಎಂಸಿಬಿಗಳಿರುವ ಪೆಟ್ಟಿಗೆ) ಕೆಲಸಕ್ಕೆ ಕ್ಯಾಟ್ 3 ಬೇಕೇ ಬೇಕು; ಸರ್ಜ್, ಅಂದರೆ ಕ್ಷಣಮಾತ್ರ ನುಗ್ಗುವ ಭಾರಿ ವೋಲ್ಟೇಜ್, ತಡೆಯುವ ಶಕ್ತಿಯ ದರ್ಜೆ ಇದು. ಕ್ಯಾಟ್ 2, 600 ವೋಲ್ಟ್‌ನ ಉಪಕರಣವನ್ನು ಪರೀಕ್ಷಿಸುವುದು 4000 ವೋಲ್ಟ್ ಸರ್ಜ್‌ಗೆ, ಕ್ಯಾಟ್ 3ರದ್ದನ್ನು 6000ಕ್ಕೆ. ಪ್ರೋಬಿನ ತುದಿಯಲ್ಲಿ 4 ಮಿಲಿಮೀಟರ್‌ಗಿಂತ ಹೆಚ್ಚು ಲೋಹ ಬಯಲಾಗಿರಬಾರದು.

ದಿನವೂ ಸ್ವಿಚ್ ಬೋರ್ಡ್, ಡಿಬಿ ಬಿಚ್ಚುವವರಿಗೆ ನನ್ನ ಆಯ್ಕೆ ಎರಡು ಪ್ರೋಬಿನ ಟೆಸ್ಟರ್, ಜೊತೆಗೊಂದು ಪೆನ್. ಒಂದಕ್ಕೇ ದುಡ್ಡಿದ್ದು ಅದರಲ್ಲೇ ಓಮ್ ಕೂಡ ಅಳೆಯಬೇಕಿದ್ದರೆ, ಲೋ ಇಂಪೀಡೆನ್ಸ್ ಸೆಟ್ಟಿಂಗ್ (ಲೋಡ್ ಹಾಕಿ ಅಳೆಯುವಂಥದು) ಇರುವ, ಆಂಪ್ ಸಾಕೆಟ್ ಇಲ್ಲದ ಮಲ್ಟಿಮೀಟರ್ ತೆಗೆದುಕೊಳ್ಳಿ. ಎಲೆಕ್ಟ್ರಾನಿಕ್ ಬೋರ್ಡ್ ರಿಪೇರಿಯೇ ಹೆಚ್ಚಿದ್ದರೆ ಮಾಮೂಲಿ 10 ಮೆಗಾಓಮ್ ಮೀಟರೇ ಸರಿ, ಅಲ್ಲಿ ಲೋಡ್ ಹಾಕಿ ಅಳೆದರೆ ರೀಡಿಂಗೇ ಕೆಟ್ಟುಹೋಗುತ್ತದೆ.